ಕಲ್ಲಿನ ಸೇತುವೆಯ ಎರಡೂ ಪಕ್ಕ ದುಂಡು ತೂತು ಯಾಕೆ ಬಿಟ್ಟಿದ್ದಾರೆ?

ಟೀಚರಮ್ಮ_ತೀರ್ಥಹಳ್ಳಿ:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದು ಈಗ ರಿಟೈರ್ ಆಗಿದ್ದೇನೆ. ಮಗಳು, ಅಳಿಯ ವೇಲ್ಸ್‌ನಲ್ಲಿ ಇದ್ದಾರೆ. ಅವರ ಮನೆಗೆ ಬಂದು ಎರಡು ತಿಂಗಳಾಯಿತು. ಇಲ್ಲಿ ಒಂದು ಹಳೇ ಸೇತುವೆ ನೋಡಿದೆ. ಅವತ್ತಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ. ಇಲ್ಲಿ ಇಂಜಿನಿಯರುಗಳು, ಕಲ್ಲು ಕೆಲಸ ಬಲ್ಲವರು ಇದ್ದೀರಲ್ಲ, ಯಾರಾದರೂ ಬಿಡಿಸಿ ಹೇಳ್ತೀರಾ?

ಲ್ಯಾಂಡವರಿ ಅಂತ ಒಂದು ಸಣ್ಣ ಪೇಟೆ. ಅಲ್ಲಿಂದ ಸುಮಾರು ಒಂದು ಮೈಲಿ ಹೋದರೆ ಟವಿ ಅನ್ನುವ ಹೊಳೆ ಸಿಗುತ್ತದೆ. ಸುತ್ತ ಕುರಿ ಮೇಯುವ ಬಯಲು, ಹೊಳೆ ದಡಕ್ಕೆ ಒಂದಷ್ಟು ಮರ. ಅಂಗಡಿ ಇಲ್ಲ, ಜನ ಇಲ್ಲ. ಆ ಹೊಳೆಗೆ ಡೊಲಾಯ್‌ಹಿರಿಯನ್ ಅಂತ ಒಂದು ಕಲ್ಲಿನ ಸೇತುವೆ ಇದೆ. ಒಂದೇ ಕಮಾನು. ಈ ದಡಕ್ಕೆ ಒಂದು ಕಾಲು, ಆ ದಡಕ್ಕೆ ಒಂದು ಕಾಲು. ನಡುವೆ ಕಂಬವೇ ಇಲ್ಲ. 1773ರಲ್ಲಿ ಕಟ್ಟಿದ್ದು, ಕಮಾನು 84 ಅಡಿ ಅಂತ ಅಳಿಯ ಫೋನಿನಲ್ಲಿ ನೋಡಿ ಹೇಳಿದರು. ಇವತ್ತಿಗೂ ಅದರ ಮೇಲೆ ಕಾರು ಓಡಾಡುತ್ತವೆ, ಒಂದು ಸಲಕ್ಕೆ ಒಂದೇ.

ನಾವು ಹೋದ ದಿನ ಬೆಳಗ್ಗೆ ಮಳೆ ಬಂದು ಬಿಟ್ಟಿತ್ತು. ಸೇತುವೆಯ ಪಕ್ಕದ ಮೋಟು ಗೋಡೆಯ ಮೇಲೆ ಕೈಯಿಟ್ಟೆ. ಕಲ್ಲು ತಣ್ಣಗೆ ಕೊರೆಯುತ್ತಿತ್ತು. ಸಂದಿನಲ್ಲೆಲ್ಲ ಪಾಚಿ. ನಮ್ಮ ಮನೆ ಬಾವಿಕಟ್ಟೆಯ ಪಾಚಿ ಹಾಗೇ ಮೆತ್ತಗಿತ್ತು, ಬೆರಳಲ್ಲಿ ಒತ್ತಿದರೆ ನೀರು ಬರುತ್ತಿತ್ತು. ಆಮೇಲೆ ಬದಿಯಿಂದ ಇಳಿದು ಹೊಳೆ ಪಕ್ಕ ನಿಂತು ನೋಡಿದೆ. ಕಮಾನಿನ ಎರಡೂ ಪಕ್ಕ, ದಡದ ಹತ್ತಿರ, ಗೋಡೆಯಲ್ಲಿ ಒಂದೊಂದು ದುಂಡು ತೂತು. ಸಣ್ಣದಲ್ಲ. ಎತ್ತಿನ ಗಾಡಿಯ ಚಕ್ರಕ್ಕಿಂತ ದೊಡ್ಡದು ಅನ್ನಿಸಿತು. ಸೇತುವೆಯ ಈ ಮೈಯಿಂದ ಆ ಮೈಗೆ ಪೂರಾ ತೆರೆದಿದೆ. ಅದರೊಳಗಿಂದ ಆಚೆ ದಡದ ಮರ ಕಾಣುತ್ತಿತ್ತು. ಅಂಚಿಗೆ ಕಲ್ಲನ್ನು ಬಳೆ ಜೋಡಿಸಿದ ಹಾಗೆ ಸುತ್ತ ನಿಲ್ಲಿಸಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. ಗಟ್ಟಿಯಾಗಿರಲಿ ಅಂತ ಕಟ್ಟುವ ಸೇತುವೆಯಲ್ಲಿ ಬೇಕಂತಲೇ ಇಷ್ಟು ದೊಡ್ಡ ತೂತು ಯಾಕೆ ಬಿಟ್ಟರು? ನೆರೆ ಬಂದಾಗ ನೀರು ಹೋಗಲಿ ಅಂತ ಇರಬೇಕು ಅಂದರು ಅಳಿಯ. ನನಗೆ ಅದು ಪೂರ್ತಿ ಒಪ್ಪಿಗೆ ಆಗಲಿಲ್ಲ. ನೀರಿಗೆ ಅಂತಾದರೆ ಇನ್ನೂ ಕೆಳಗೆ ಬಿಡಬಹುದಿತ್ತಲ್ವಾ?

ಇಷ್ಟು ಯಾಕೆ ಹಚ್ಚಿಕೊಂಡೆ ಅಂದರೆ, ನಾನು ಸಂಕ ದಾಟಿ ಶಾಲೆಗೆ ಹೋದವಳು. ನಮ್ಮ ಮನೆಗೂ ಶಾಲೆಗೂ ನಡುವೆ ಒಂದು ಹಳ್ಳ ಇತ್ತು. ಪ್ರತಿ ಮಳೆಗಾಲಕ್ಕೆ ಮುಂಚೆ ಅಪ್ಪ, ದೊಡ್ಡಪ್ಪ, ಪಕ್ಕದ ಮನೆಯವರು ಸೇರಿ ಅಡಿಕೆ ಮರ ಉರುಳಿಸಿ ಕಾಲುಸಂಕ ಹಾಕುತ್ತಿದ್ದರು. ಆಷಾಢದ ಮಳೆಗೆ ಎಷ್ಟೋ ಸಲ ಅದು ಹೋಗಿಬಿಡುತ್ತಿತ್ತು. ಮತ್ತೆ ಹಾಕುತ್ತಿದ್ದರು. ಹೊಳೆಯ ಮೇಲೆ ಇನ್ನೂರೈವತ್ತು ವರ್ಷ ನಿಂತ ಕಲ್ಲನ್ನು ನೋಡಿದಾಗ ಅಪ್ಪನ ನೆನಪಾಯಿತು. ಅದಕ್ಕೇ ಇದನ್ನು ಕಟ್ಟಿದವರು ಏನು ಯೋಚನೆ ಮಾಡಿದರು ಅಂತ ಸರಿಯಾಗಿ ತಿಳಿದುಕೊಳ್ಳಬೇಕು ಅನ್ನಿಸುತ್ತಿದೆ.

ಮಲೆನಾಡ_ಮಳೆ:

ಅಕ್ಕಾ, ನಿಮ್ಮ ಅಳಿಯ ಹೇಳಿದ್ದೇ ಸರಿ ಅನ್ನಿಸುತ್ತದೆ. ನೆರೆ ನೀರು ಗೋಡೆಗೆ ಬಡಿದರೆ ಸೇತುವೆಯನ್ನೇ ತಳ್ಳುತ್ತದೆ. ತೂತು ಇದ್ದರೆ ನೀರು ಹಾಯ್ದು ಹೋಗುತ್ತದೆ. ನಮ್ಮಲ್ಲೂ ತೋಟದ ಕಲ್ಲು ಗೋಡೆಗೆ ನೀರು ಹೋಗಲು ಕಿಂಡಿ ಬಿಡ್ತೀವಲ್ಲ, ಹಾಗೆ. ಕಾಲುಸಂಕದ ಮಾತು ಓದಿ ನಮ್ಮೂರೇ ಕಣ್ಣ ಮುಂದೆ ಬಂತು.

ಹರಿಹರದವನು:

ಟೀಚರ್ ಅವರೇ, ನಿಮ್ಮ ಅನುಮಾನ ಸರಿಯಾಗಿದೆ. ಆ ತೂತು ಮುಖ್ಯವಾಗಿ ನೀರಿಗೆ ಬಿಟ್ಟಿದ್ದಲ್ಲ. ಭಾರ ಕಡಿಮೆ ಮಾಡೋದಕ್ಕೆ ಬಿಟ್ಟಿದ್ದು. ನೆರೆ ಅಷ್ಟು ಮೇಲೆ ಬಂದರೆ ನೀರೂ ಹೋಗುತ್ತದೆ, ಅದು ಜೊತೆಗೆ ಸಿಕ್ಕ ಲಾಭ.

ನಾನು ಸೇತುವೆ ಕೆಲಸದಲ್ಲೇ ವಯಸ್ಸು ಕಳೆದವನು. ಹುಟ್ಟಿದ್ದು ಹರಿಹರದಲ್ಲಿ. ತುಂಗಭದ್ರೆಯ ಮೇಲೆ 1868ರಲ್ಲಿ ಮುಗಿದ ಹಳೇ ಕಮಾನು ಸೇತುವೆ ನೋಡುತ್ತಾ ಬೆಳೆದೆ. ನೀವು ಹೇಳಿದ ಡೊಲಾಯ್‌ಹಿರಿಯನ್ ಕಟ್ಟಿದವರ ಹೆಸರು ವಿಲಿಯಂ ಎಡ್ವರ್ಡ್ಸ್. ಓದುವ ಕಾಲದಿಂದ ನನಗೆ ಬಹಳ ಇಷ್ಟವಾದ ಮನುಷ್ಯ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಆ ತೂತಿನ ಕಥೆ ಶುರುವಾಗಿದ್ದು ನೀವು ನೋಡಿದ ಸೇತುವೆಯಲ್ಲಿ ಅಲ್ಲ. ಅದಕ್ಕಿಂತ ಮೊದಲು, ಟಾಫ್ ಹೊಳೆಯ ಮೇಲೆ, ಈಗ ಪಾಂಟಿಪ್ರೀದ್ ಅನ್ನುವ ಊರು ಇರುವ ಜಾಗದಲ್ಲಿ. ಆಗ ಅಲ್ಲಿ ಪೇಟೆ ಇರಲಿಲ್ಲ, ಕಣಿವೆಯಲ್ಲಿ ಅಲ್ಲೊಂದು ಇಲ್ಲೊಂದು ಹೊಲಮನೆ ಅಷ್ಟೇ. ಎಡ್ವರ್ಡ್ಸ್ ಹುಟ್ಟಿದ್ದು 1719ರಲ್ಲಿ, ರೈತರ ಮನೆಯಲ್ಲಿ. ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಹೊಲದ ಕಲ್ಲು ಗೋಡೆ ಬಿದ್ದರೆ ಎತ್ತಿ ಕಟ್ಟುತ್ತಾ ಕೈ ಪಳಗಿಸಿಕೊಂಡರು. ಹತ್ತಿರದ ಕೇರ್‌ಫಿಲಿಯಲ್ಲಿ ಒಂದು ಪಾಳುಬಿದ್ದ ದೊಡ್ಡ ಕೋಟೆ ಇದೆ. ಅದರ ಕಲ್ಲನ್ನು ಹೇಗೆ ಕೂರಿಸಿದ್ದಾರೆ ಅಂತ ನೋಡಿ ನೋಡಿಯೇ ಕಲಿತರು ಅಂತ ಹೇಳುತ್ತಾರೆ. ಜೊತೆಗೆ ಅವರು ಪಾದ್ರಿ. ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ವೆಲ್ಷ್ ಭಾಷೆಯಲ್ಲಿ ಉಪದೇಶ, ಉಳಿದ ದಿನ ಬೇಸಾಯ ಮತ್ತು ಕಲ್ಲು ಕೆಲಸ. ಸಾಯುವವರೆಗೂ ಮೂರನ್ನೂ ಬಿಡಲಿಲ್ಲ.

1746ರಲ್ಲಿ ಅವರಿಗೆ ಸೇತುವೆಯ ಕೆಲಸ ಸಿಕ್ಕಿತು. ವಯಸ್ಸು ಇಪ್ಪತ್ತೇಳು. 500 ಪೌಂಡಿಗೆ ಒಪ್ಪಿಕೊಂಡರು. ಜೊತೆಗೆ ಒಂದು ಷರತ್ತು, ಏಳು ವರ್ಷ ಸೇತುವೆ ನಿಲ್ಲಬೇಕು. ಅದರೊಳಗೆ ಬಿದ್ದರೆ ಮತ್ತೆ ಕಟ್ಟಿಕೊಡೋದು ಅವರದೇ ಜವಾಬ್ದಾರಿ.

ಮೊದಲ ಸಲ ಎಲ್ಲರೂ ಕಟ್ಟುವ ಹಾಗೆ ಕಟ್ಟಿದರು. ಹೊಳೆಯ ನಡುವೆ ಕಂಬ, ಮೂರು ಕಮಾನು. ಚೆನ್ನಾಗಿಯೇ ನಿಂತಿತ್ತು. ಎರಡು ವರ್ಷ ದಾಟಿದ ಮೇಲೆ ದೊಡ್ಡ ನೆರೆ ಬಂತು. ಬುಡ ಸಮೇತ ಕಿತ್ತ ಮರ, ಪೊದೆ, ಕಸ ಎಲ್ಲ ತೇಲಿಬಂದು ಕಂಬಗಳಿಗೆ ಸಿಕ್ಕಿಕೊಂಡವು. ಹಿಂದೆ ನೀರು ಏರಿತು. ಸೇತುವೆಯೇ ಒಂದು ಅಣೆಕಟ್ಟು ಆದ ಹಾಗಾಯಿತು. ಆ ಒತ್ತಡ ತಡೆಯದೆ ಪೂರ್ತಿ ಹೋಯಿತು. ನಿಮ್ಮ ಅಡಿಕೆ ಮರದ ಸಂಕ ಹೋಗುವುದೂ ಹೀಗೇ ಅಲ್ವಾ, ಬರೀ ನೀರಿಗಲ್ಲ, ನೀರು ಹೊತ್ತು ತರುವ ದಿಮ್ಮಿಗೆ.

ಆಗ ಅವರು ಹೊಳೆಯಲ್ಲಿ ಕಂಬವೇ ಬೇಡ ಅಂತ ತೀರ್ಮಾನ ಮಾಡಿದರು. ದಡದಿಂದ ದಡಕ್ಕೆ ಒಂದೇ ಕಮಾನು, 140 ಅಡಿ. ಆ ಕಾಲಕ್ಕೆ ಇಡೀ ಬ್ರಿಟನ್‌ನಲ್ಲಿ ಅಷ್ಟು ಅಗಲದ ಕಲ್ಲಿನ ಕಮಾನು ಯಾರೂ ಕಟ್ಟಿರಲಿಲ್ಲ. ಕೆಲಸ ಮುಗಿಯುವ ಹೊತ್ತಿಗೆ ಕೆಳಗೆ ಕೊಟ್ಟಿದ್ದ ಮರದ ಸೆಂಟ್ರಿಂಗ್ ಕೈಕೊಟ್ಟಿತು. ಕಟ್ಟಿದ್ದೆಲ್ಲ ಹೊಳೆ ಪಾಲಾಯಿತು. ಇದು ಎರಡನೆಯದು.

ಮೂರನೇ ಸಲ ಮತ್ತೆ ಅಷ್ಟೇ ಅಗಲ, ಗಟ್ಟಿ ಸೆಂಟ್ರಿಂಗ್. ಕಮಾನು ಮುಗಿಯಿತು, ಸೆಂಟ್ರಿಂಗ್ ಬಿಚ್ಚಿದರು, ನಿಂತಿತು. ಕೆಲವೇ ದಿನ. ನೆರೆ ಬಂದಿರಲಿಲ್ಲ. ಯಾರೂ ಏನೂ ಮಾಡಿರಲಿಲ್ಲ. ನಡುನೆತ್ತಿಯ ಕಲ್ಲುಗಳು ಮೇಲಕ್ಕೆ ಎದ್ದು ಕಳಚಿಕೊಂಡು ಇಡೀ ಕಮಾನು ಕುಸಿಯಿತು.

ಇದನ್ನು ಮತ್ತೊಂದು ಸಲ ಓದಿ. ನೆತ್ತಿ ಕೆಳಕ್ಕೆ ಬೀಳಲಿಲ್ಲ, ಮೇಲಕ್ಕೆ ಎದ್ದಿತು. ನಿಮ್ಮ ತೂತಿನ ಉತ್ತರ ಇರುವುದು ಇಲ್ಲೇ.

ಮನೆಯಲ್ಲಿ ಮಕ್ಕಳ ಪ್ಲಾಸ್ಟಿಕ್ ಸ್ಕೇಲ್ ಇದ್ದರೆ ತೊಗೊಳ್ಳಿ. ಎರಡು ದಪ್ಪ ಪುಸ್ತಕದ ನಡುವೆ ಅದನ್ನು ಬಿಲ್ಲಿನ ಹಾಗೆ ಬಗ್ಗಿಸಿ ನಿಲ್ಲಿಸಿ. ಈಗ ಕಮಾನಿನ ಎರಡೂ ಹೆಗಲ ಮೇಲೆ, ಅಂದರೆ ನೆತ್ತಿಗೂ ಬುಡಕ್ಕೂ ನಡುವಿನ ಇಳಿಜಾರಿನ ಮೇಲೆ, ಒಂದೊಂದು ಬೆರಳಿಟ್ಟು ಒಟ್ಟಿಗೆ ಒತ್ತಿ. ನಡು ಮೇಲಕ್ಕೆ ಏಳುತ್ತದೆ. ಸ್ಕೇಲ್ ಆದರೆ ಬಾಗುತ್ತದೆ. ಕಲ್ಲು ಬಾಗಲ್ಲ. ಸಂದು ಬಾಯಿ ಬಿಡುತ್ತದೆ.

ಕಮಾನು ಎತ್ತರ ಇದ್ದಷ್ಟೂ ಈ ತೊಂದರೆ ಜಾಸ್ತಿ. ರಸ್ತೆ ಮೇಲೆ ಹೋಗುತ್ತದೆ, ಕಮಾನು ಕೆಳಗೆ ಬಾಗಿ ದಡಕ್ಕೆ ಇಳಿಯುತ್ತದೆ. ಇವೆರಡರ ನಡುವಿನ ಜಾಗ ನೆತ್ತಿಯಲ್ಲಿ ಗೇಣುದ್ದ ಇದ್ದರೆ ಹೆಗಲ ಹತ್ತಿರ ಆಳುದ್ದ ಆಗುತ್ತದೆ. ಅಲ್ಲೆಲ್ಲ ಕಲ್ಲು, ಮಣ್ಣು ತುಂಬಬೇಕು. ಹಾಗಾಗಿ ಹೆಗಲಿಗೆ ರಾಶಿ ಭಾರ, ನೆತ್ತಿಗೆ ಏನೂ ಇಲ್ಲ. ಮೂರನೇ ಸೇತುವೆಯನ್ನು ಕೆಡವಿದ್ದು ಇದೇ. ಗಟ್ಟಿಯಾಗಿರಲಿ ಅಂತ ತುಂಬಿದ ಕಲ್ಲೇ ಅದನ್ನು ಬೀಳಿಸಿತು.

ನಾಲ್ಕನೇ ಸಲ ಎಡ್ವರ್ಡ್ಸ್ ಹೆಗಲಿನ ಕಲ್ಲನ್ನು ಕಡಿಮೆ ಮಾಡಿದರು. ಎರಡೂ ಪಕ್ಕ ಮೂರು ಮೂರು ದುಂಡು ತೂತು, ಸೇತುವೆಯ ಈ ಮೈಯಿಂದ ಆ ಮೈಗೆ ಕೊಳವೆಯ ಹಾಗೆ. ದಡದ ಹತ್ತಿರ 9 ಅಡಿಯದು, ಮುಂದೆ 6 ಅಡಿಯದು, ನೆತ್ತಿಯ ಕಡೆಗೆ 3 ಅಡಿಯದು. ಎಲ್ಲಿ ಭಾರ ಜಾಸ್ತಿಯೋ ಅಲ್ಲಿ ದೊಡ್ಡ ತೂತು. 1756ರಲ್ಲಿ ಮುಗಿಯಿತು. ಇವತ್ತಿಗೂ ನಿಂತಿದೆ. ಸುಮಾರು ನಲವತ್ತು ವರ್ಷ ಬ್ರಿಟನ್‌ನಲ್ಲಿ ಅದಕ್ಕಿಂತ ಅಗಲದ ಕಮಾನು ಬರಲಿಲ್ಲ.

ಮಲೆನಾಡ_ಮಳೆ ಅವರೇ, ನೀರಿಗೆ ಅಂತಲೇ ಬಿಟ್ಟಿದ್ದರೆ ಆ 3 ಅಡಿಯ ತೂತನ್ನು ಅಷ್ಟು ಮೇಲೆ, ನೆತ್ತಿಯ ಪಕ್ಕ ಇಡುತ್ತಿರಲಿಲ್ಲ. ನೀರು ಅಲ್ಲಿಗೆ ಬರುವ ಹೊತ್ತಿಗೆ ಕಣಿವೆಯಲ್ಲಿ ಒಂದು ಮನೆಯೂ ಉಳಿದಿರಲ್ಲ.

ಟೀಚರ್, ನೀವು ನೋಡಿದ ಡೊಲಾಯ್‌ಹಿರಿಯನ್ ಕಟ್ಟುವಾಗ ಅವರಿಗೆ ಐವತ್ತು ದಾಟಿತ್ತು. 84 ಅಡಿಗೆ ಒಂದೊಂದು ತೂತು ಸಾಕು ಅಂತ ಅವರಿಗೆ ಆಗ ಗೊತ್ತಿತ್ತು. ಅಲ್ಲಿಗೆ ಬರುವ ಮುಂಚೆ ಮೂರು ಸೇತುವೆ ಕಳೆದುಕೊಂಡಿದ್ದರು. ಲೆಕ್ಕ ಬರೆದು ಕಂಡುಕೊಂಡದ್ದಲ್ಲ ಅದು. ಬಿದ್ದ ಕಲ್ಲನ್ನು ನೋಡಿ ಕಂಡುಕೊಂಡದ್ದು. ನಾನು ಸರ್ವಿಸ್‌ನಲ್ಲಿ ಇದ್ದಾಗ ಹೊಸದಾಗಿ ಸೇರಿದ ಹುಡುಗರಿಗೆ ಈ ಸೇತುವೆಯ ಚಿತ್ರ ಬರೆದು ತೋರಿಸದೆ ಬಿಡುತ್ತಿರಲಿಲ್ಲ.

ಪಟ್ಟಣದ_ಕಾವೇರಿ:

ಸರ್, ಬಹಳ ಚೆನ್ನಾಗಿ ಹೇಳಿದಿರಿ. ನಾನು ಶ್ರೀರಂಗಪಟ್ಟಣದವನು. ನಮ್ಮೂರಿನ ವೆಲ್ಲೆಸ್ಲಿ ಸೇತುವೆ 1804ರದು, ದಿವಾನ್ ಪೂರ್ಣಯ್ಯನವರ ಕಾಲದ್ದು. ಅದರಲ್ಲಿ ಕಮಾನೇ ಇಲ್ಲ. ಸಾಲಾಗಿ ಕಲ್ಲಿನ ಕಂಬ, ಕಂಬದ ಮೇಲೆ ಅಡ್ಡ ಕಲ್ಲು, ಅದರ ಮೇಲೆ ಉದ್ದ ಕಲ್ಲು ಹಾಸಿದ್ದಾರೆ. ಎಡ್ವರ್ಡ್ಸ್ ಮಾಡಿದ್ದು ಅದಕ್ಕಿಂತ ಅರ್ಧ ಶತಮಾನ ಮೊದಲು. ಹಾಗಾದರೆ ನಮ್ಮವರು ಹಾಗೆ ಯಾಕೆ ಕಟ್ಟಲಿಲ್ಲ? ಕಮಾನು ಗೊತ್ತಿರಲಿಲ್ಲ ಅಂತಲ್ಲ. ಪಟ್ಟಣದಲ್ಲೇ ಮಸೀದಿಯಲ್ಲಿ, ದರಿಯಾ ದೌಲತ್‌ನಲ್ಲಿ, ಗುಂಬಜ್‌ನಲ್ಲಿ ಎಲ್ಲ ಕಮಾನು ಇದೆಯಲ್ಲ.

ಹರಿಹರದವನು:

ಒಳ್ಳೆಯ ಪ್ರಶ್ನೆ. ಹೊಳೆ ಹೇಗಿದೆ ಅನ್ನೋದರ ಮೇಲೆ ಸೇತುವೆ. ಪಟ್ಟಣದ ಹತ್ತಿರ ಕಾವೇರಿ ಅಗಲ, ಕೆಳಗೆ ಬಂಡೆ. ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆಯ ಮೇಲೆ ನಡೆದುಕೊಂಡೇ ಹೋಗಿ ಕಂಬ ನಿಲ್ಲಿಸಬಹುದು. ಉದ್ದನೆಯ ಕಣಶಿಲೆ ನಮ್ಮಲ್ಲಿ ಬೇಕಾದಷ್ಟು ಸಿಗುತ್ತದೆ. ದೇವಸ್ಥಾನದ ಕಂಬ, ತೊಲೆ ಎಬ್ಬಿಸಿ ಪಳಗಿದ ಕೈ ಬೇರೆ. ಹಾಗಾಗಿ ಅದು ಅಲ್ಲಿಗೆ ಸರಿಯಾದ ಕೆಲಸ.

ಕಲ್ಲು ಎಷ್ಟು ಒತ್ತಿದರೂ ತಡೆಯುತ್ತದೆ, ಆದರೆ ಎಳೆದರೆ ತಡೆಯಲ್ಲ. ಚಪ್ಪಡಿಯನ್ನು ಎರಡು ಕಂಬದ ಮೇಲೆ ಮಲಗಿಸಿದರೆ ಅದರ ಅಡಿಭಾಗಕ್ಕೆ ಎಳೆತ ಬೀಳುತ್ತದೆ, ಅಲ್ಲೇ ಬಿರುಕು ಹುಟ್ಟೋದು. ಅದಕ್ಕೇ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಬೇಕು. ಕಮಾನಿನಲ್ಲಿ ಎಳೆತವೇ ಇರಲ್ಲ, ಒಂದು ಕಲ್ಲು ಪಕ್ಕದ ಕಲ್ಲನ್ನು ಒತ್ತುತ್ತಾ ಭಾರವನ್ನು ದಡಕ್ಕೆ ದಾಟಿಸುತ್ತದೆ. ಅದಕ್ಕೇ ದೂರ ಚಾಚಬಹುದು.

ಹತ್ತಿರ ಹತ್ತಿರ ಕಂಬ ಇದ್ದರೆ ನೆರೆಯಲ್ಲಿ ಮರ ಸಿಕ್ಕಿಕೊಳ್ಳುವ ಭಯ ಇದ್ದೇ ಇರುತ್ತದೆ. ಶಿವನಸಮುದ್ರದ ಹಳೇ ಸೇತುವೆ ಇದೇ ಜಾತಿಯದು. 2018ರ ಆಗಸ್ಟ್ ನೆರೆಗೆ ಅದರ ಒಂದು ಭಾಗ ಕೊಚ್ಚಿಹೋಯಿತು. ಆ ಸುದ್ದಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಸೇತುವೆಯ ಮೇಲೆ ನಾನು ಎಷ್ಟೋ ಸಲ ನಿಂತಿದ್ದೆ.

ಇನ್ನೊಂದು ವಿಷಯ. ಹೆಗಲು ಹಗುರ ಮಾಡುವ ಉಪಾಯ ಚೀನಾದಲ್ಲಿ ಇನ್ನೂ ಹಿಂದಿನಿಂದ ಇದೆ. ಹೆಬೆ ಪ್ರಾಂತ್ಯದ ಝಾವ್ ಅನ್ನುವ ಕಡೆ ಲಿ ಚುನ್ ಅನ್ನುವವರು 605ರ ಹೊತ್ತಿಗೆ ಕಟ್ಟಿದ ಕಲ್ಲಿನ ಸೇತುವೆ ಇದೆ. ದೊಡ್ಡ ಕಮಾನು ಸುಮಾರು 37 ಮೀಟರ್. ಅದರ ಎರಡೂ ಹೆಗಲ ಮೇಲೆ ಎರಡೆರಡು ಪುಟ್ಟ ಕಮಾನು ತೆರೆದು ಬಿಟ್ಟಿದ್ದಾರೆ. ನಮ್ಮ ಬಾದಾಮಿಯ ಮೊದಲ ಗುಹೆಗಳ ಕಾಲಕ್ಕೆ ಸ್ವಲ್ಪ ಆಚೀಚೆ. ಅದೂ ಈಗಲೂ ನಿಂತಿದೆ.

ಕಾರ್ಡಿಫ್_ಕನ್ನಡಿಗ:

ನಾನು ಪಾಂಟಿಪ್ರೀದ್‌ಗೆ ಹತ್ತಿರ ಇರುವವನು. ಟೀಚರಮ್ಮ, ನೀವು ಅಲ್ಲಿಗೂ ಬರಲೇಬೇಕು. ಕಾರ್ಡಿಫ್‌ನಿಂದ ರೈಲು ಇದೆ, ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಸೇತುವೆಯ ಪಕ್ಕದಲ್ಲೇ ಹಳೇ ಪ್ರಾರ್ಥನಾ ಮಂದಿರದಲ್ಲಿ ಊರಿನ ಮ್ಯೂಸಿಯಂ ಇದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ನೋಡಿ ಬೇಜಾರಾಗಬಾರದು. ಹಳೇ ಸೇತುವೆಗೆ ಅಂಟಿಕೊಂಡ ಹಾಗೆ ಇನ್ನೊಂದು ಸೇತುವೆ ಇದೆ, 1857ರದು. ಹಳೆಯದು ಬಹಳ ಕಡಿದು, ಬೆನ್ನು ಉಬ್ಬಿಸಿದ ಬೆಕ್ಕಿನ ಹಾಗೆ. ತುಂಬಿದ ಗಾಡಿ ಇಳಿಯುವಾಗ ಹಿಂದೆ ಸರಪಳಿಯಲ್ಲಿ ಭಾರ ಕಟ್ಟಿ ಎಳೆಸುತ್ತಿದ್ದರಂತೆ, ಗಾಡಿ ಕುದುರೆಯ ಮೇಲೆ ನುಗ್ಗದಿರಲಿ ಅಂತ. ಕಷ್ಟ ಆಗುತ್ತದೆ ಅಂತ ಪಕ್ಕದಲ್ಲೇ ಸಮತಟ್ಟಾದ ಸೇತುವೆ ಹಾಕಿದರು. ಹಾಗಾಗಿ ಒಂದು ಕಡೆಯಿಂದ ತೂತುಗಳು ಸರಿಯಾಗಿ ಕಾಣಲ್ಲ. ಇನ್ನೊಂದು ಕಡೆಗೆ, ಪಾರ್ಕ್ ಇರುವ ಬದಿಗೆ ಹೋಗಿ ನೋಡಿ. ಈಗ ಹಳೆಯದರ ಮೇಲೆ ಜನ ನಡೆದು ಹೋಗುತ್ತಾರೆ ಅಷ್ಟೇ.

2020ರ ಫೆಬ್ರವರಿಯಲ್ಲಿ ಡೆನಿಸ್ ಅನ್ನುವ ಬಿರುಗಾಳಿ ಬಂದಾಗ ಟಾಫ್ ಹೊಳೆ ಪೇಟೆಯೊಳಗೆ ನುಗ್ಗಿತು. ಅಂಗಡಿಗಳೆಲ್ಲ ನೀರು. 2024ರ ನವೆಂಬರ್‌ನಲ್ಲಿ ಮತ್ತೆ ಹಾಗೇ ಆಯಿತು. ಎರಡು ಸಲವೂ ನೀರು ಇಳಿದ ಮೇಲೆ ನಾನು ಹೋಗಿ ನೋಡಿದೆ. ಪಾರ್ಕಿನ ಬೇಲಿಗೆಲ್ಲ ಹುಲ್ಲು, ಪ್ಲಾಸ್ಟಿಕ್, ಕೊಂಬೆ ಸಿಕ್ಕಿಕೊಂಡಿದ್ದವು. ಸೇತುವೆ ಹಾಗೇ ಇತ್ತು. ಹರಿಹರದ ಸರ್ ಹೇಳಿದ ಮೇಲೆ ಈಗ ಅರ್ಥ ಆಯಿತು, ಸಿಕ್ಕಿಕೊಳ್ಳಲು ಅಲ್ಲಿ ಕಂಬವೇ ಇಲ್ಲ.

ಊರಿನ ಹೆಸರಿನ ಅರ್ಥವನ್ನೂ ಹೇಳಿಬಿಡುತ್ತೇನೆ. ವೆಲ್ಷ್‌ನಲ್ಲಿ ಪಾಂಟ್ ಅಂದರೆ ಸೇತುವೆ, ಪ್ರೀದ್ ಅಂದರೆ ಮಣ್ಣು. ನಡುವೆ ಮನೆ ಅನ್ನುವ ಪದ ಸವೆದು ಹೋಗಿದೆ ಅಂತಾರೆ. ಮಣ್ಣಿನ ಮನೆ ಹತ್ತಿರದ ಸೇತುವೆ. ನಮ್ಮೂರ ಕಡೆ ಹೆಸರಿಟ್ಟ ಹಾಗೇ ಇದೆಯಲ್ಲ.

ಟೀಚರಮ್ಮ_ತೀರ್ಥಹಳ್ಳಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹರಿಹರದ ಸರ್, ನಿಮ್ಮ ಉತ್ತರವನ್ನು ಅಳಿಯನಿಗೂ ಮಗಳಿಗೂ ಗಟ್ಟಿಯಾಗಿ ಓದಿ ಹೇಳಿದೆ.

ಸ್ಕೇಲ್ ಪ್ರಯೋಗ ನಿನ್ನೆ ರಾತ್ರಿ ಊಟ ಆದ ಮೇಲೆ ಮಾಡಿದೆವು. ಮೊಮ್ಮಗನಿಗೆ ಏಳು ವರ್ಷ. ಒಂದು ಕಡೆ ಅವನ ಕಥೆ ಪುಸ್ತಕದ ರಾಶಿ, ಇನ್ನೊಂದು ಕಡೆ ಮಗಳ ದಪ್ಪ ಪುಸ್ತಕ ಒಂದು. ಸ್ಕೇಲ್ ಬಗ್ಗಿಸಿ ನಿಲ್ಲಿಸಿದೆವು. ನೆತ್ತಿಯ ಮೇಲೆ ಒಂದು ರಬ್ಬರ್ ಇಟ್ಟು, ಇದು ಕಾರು ಅಂದ. ನಾನು ಎರಡೂ ಹೆಗಲ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದೆ. ನಡು ನಿಧಾನಕ್ಕೆ ಎದ್ದಿತು. ಇನ್ನೂ ಒತ್ತಿದೆ. ಸ್ಕೇಲ್ ಚಿಮ್ಮಿತು, ರಬ್ಬರ್ ಹಾರಿ ಸೋಫಾ ಕೆಳಗೆ ಹೋಯಿತು. ಅವನು ಮತ್ತೆ ಮತ್ತೆ ಮಾಡಿಸಿದ. ಮೂರನೇ ಸೇತುವೆ ಬಿದ್ದದ್ದು ಹೀಗೆ ಅಂತ ಹೇಳಿದೆ. ಹಾಗಾದರೆ ಅಜ್ಜಿ, ಆ ಪಾದ್ರಿ ಅತ್ತರಾ ಅಂತ ಕೇಳಿದ. ಅತ್ತಿರಬಹುದು ಕಂದಾ, ಆದರೂ ಮತ್ತೆ ಕಟ್ಟಿದರು ಅಂದೆ.

ಭಾನುವಾರ ಮತ್ತೆ ಡೊಲಾಯ್‌ಹಿರಿಯನ್‌ಗೆ ಹೋಗಿದ್ದೆವು. ಈ ಸಲ ತೂತನ್ನೇ ನೋಡುತ್ತಾ ಬಹಳ ಹೊತ್ತು ನಿಂತೆ. ಅದರ ಮೇಲಿರುವ ರಸ್ತೆಗೂ ಕೆಳಗಿನ ಕಮಾನಿಗೂ ನಡುವೆ ಎಷ್ಟು ಜಾಗ ಇದೆ ಅಂತ ಕಣ್ಣಲ್ಲೇ ಅಳೆದೆ. ಆ ಜಾಗವನ್ನೆಲ್ಲ ಕಲ್ಲಿನಿಂದ ತುಂಬಿದರೆ ಎಷ್ಟು ಗಾಡಿ ಕಲ್ಲು ಬೇಕು ಅಂತ ಯೋಚಿಸಿದೆ. ಒಂದು ಕಾರು ಬಂತು. ನಾವು ಬದಿಗೆ ನಿಂತೆವು. ಕಾರು ನೆತ್ತಿ ಹತ್ತಿ ಇಳಿದು ಹೋಯಿತು. ಕೆಳಗೆ ನೀರಿನ ಸದ್ದು ಬಿಟ್ಟರೆ ಏನೂ ಅಲುಗಲಿಲ್ಲ.

ಕಾರ್ಡಿಫ್ ಅವರೇ, ಮುಂದಿನ ಶನಿವಾರ ಪಾಂಟಿಪ್ರೀದ್‌ಗೆ ಬರುತ್ತಿದ್ದೇವೆ. ಪುಳಿಯೋಗರೆ ಕಟ್ಟಿಕೊಂಡು ಬರುತ್ತೇನೆ, ನೀವೂ ಸಿಗ್ತೀರಾ? ಮ್ಯೂಸಿಯಂ ಶನಿವಾರ ತೆಗೆದಿರುತ್ತದಾ, ಒಂದು ಮಾತು ತಿಳಿಸಿ. ನನಗೆ ಮಂಡಿನೋವು, ಆ ಕಡಿದಾದ ಸೇತುವೆಯ ಮೇಲೆ ಹಿಡಿದುಕೊಳ್ಳಲು ಏನಾದರೂ ಇದೆಯಾ ಅಂತಲೂ ಹೇಳಿ.